ಊರಿಗೆ ಹಾರುವ ಮುನ್ನ ಒಂದು ಪುಟ್ಟ ರೈಲು ಪ್ರವಾಸ: ಜಾಗ ಆರಿಸುವ ಸಮಗ್ರ ಮಾರ್ಗದರ್ಶಿ

ಪ್ರವಾಸದ ಕೊನೆಯ ದಿನ. ಹೋಟೆಲ್ ರೂಮು ಬೆಳಗ್ಗೆ ಖಾಲಿ ಮಾಡಬೇಕು. ಫ್ಲೈಟ್ ಇರುವುದು ರಾತ್ರಿ 9:30ಕ್ಕೆ. ಆ ನಗರದಲ್ಲಿ ನೋಡಬೇಕಾದ್ದನ್ನೆಲ್ಲ ಆಗಲೇ ನೋಡಿ ಆಗಿದೆ. ಏರ್‌ಪೋರ್ಟ್‌ಗೆ ಹೋಗಿ ಸುಮ್ನೆ ಕೂರುವುದಕ್ಕೆ ಮನಸ್ಸಿಲ್ಲ. ಆಗ ತಲೆಗೆ ಬರುವುದೇ ರೈಲು. ಒಂದು ಗಂಟೆ ದೂರದಲ್ಲಿ ಯಾವುದಾದರೂ ಚಿಕ್ಕ ಊರು ಇರಬಹುದಲ್ವಾ?

ಖಂಡಿತ ಇರುತ್ತದೆ. ನನ್ನ ಎಷ್ಟೋ ಪ್ರವಾಸಗಳಲ್ಲಿ ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಇರುವುದು ಇಂಥ ಕೊನೆ ದಿನದ ಊರುಗಳೇ. ಆದರೆ ಈ ದಿನದ ಲೆಕ್ಕ ಬೇರೆ. ಉಳಿದ ದಿನ ರೈಲು ತಪ್ಪಿದರೆ ಒಂದು ಸಂಜೆ ಹಾಳಾಗುತ್ತದೆ, ಅಷ್ಟೆ. ಈ ದಿನ ತಪ್ಪಿದರೆ ಫ್ಲೈಟೇ ಕೈತಪ್ಪುತ್ತದೆ. ಹಾಗಾಗಿ ಊರು ಎಷ್ಟು ಚೆಂದ ಅನ್ನುವುದನ್ನು ನಾನು ಕೊನೆಗೆ ನೋಡುತ್ತೇನೆ. ಮೊದಲು ನೋಡುವುದು ಅಲ್ಲಿಂದ ಏರ್‌ಪೋರ್ಟ್‌ಗೆ ಬರುವ ದಾರಿಯನ್ನು. ಕೆಳಗಿನ ಹಂತಗಳೆಲ್ಲ ಆ ಒಂದು ಮಾತಿನಿಂದಲೇ ಹುಟ್ಟಿದವು.

1. ಫ್ಲೈಟಿನಿಂದ ಹಿಂದಕ್ಕೆ ಎಣಿಸಿ

ಬೆಳಗ್ಗೆ ಎಷ್ಟು ಹೊತ್ತಿಗೆ ಹೊರಡೋಣ ಅಂತ ಶುರು ಮಾಡಬೇಡಿ. ಒಂದು ಹಾಳೆಯ ಕೆಳತುದಿಯಲ್ಲಿ ಫ್ಲೈಟಿನ ಸಮಯ ಬರೆಯಿರಿ. ಅಲ್ಲಿಂದ ಮೇಲಕ್ಕೆ ಒಂದೊಂದೇ ಸಾಲು ಬರೆಯುತ್ತಾ ಬನ್ನಿ.

ಜರ್ಮನಿಯ ಫ್ರಾಂಕ್‌ಫರ್ಟ್‌ನಿಂದ ರಾತ್ರಿ 9:30ಕ್ಕೆ ಫ್ಲೈಟ್ ಅಂದುಕೊಳ್ಳೋಣ. ದೂರದ ದೇಶಗಳಿಗೆ ಹೋಗುವ ಫ್ಲೈಟ್‌ಗಳಲ್ಲಿ ಲಗೇಜ್ ಕೊಡುವ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಸಾಲು, ಸೆಕ್ಯುರಿಟಿ, ಪಾಸ್‌ಪೋರ್ಟ್ ತಪಾಸಣೆ ಎಲ್ಲ ಸೇರಿಸಿ ಮೂರು ಗಂಟೆ ಮೊದಲು, ಅಂದರೆ 6:30ಕ್ಕೆ ನೀವು ಏರ್‌ಪೋರ್ಟ್‌ನಲ್ಲಿ ಇರಬೇಕು. ಈಗ ನಿಮ್ಮನ್ನು 6:30ಕ್ಕೆ ಅಲ್ಲಿಗೆ ತಲುಪಿಸುವ ರೈಲು ಯಾವುದು ನೋಡಿ. ಅದರ ಮೇಲೆ ಗೀಟು ಹಾಕಿ. ಅದರ ಹಿಂದಿನ ರೈಲಿನ ಮೇಲೂ ಗೀಟು ಹಾಕಿ. ಅದಕ್ಕೂ ಹಿಂದಿನದು ನಿಮ್ಮ ರೈಲು.

ಎರಡು ರೈಲು ಯಾಕೆ ಬಿಡಬೇಕು? ಒಂದು ರದ್ದಾಗಬಹುದು, ಅದರ ನಂತರದ್ದು ತಡವಾಗಬಹುದು. ಎರಡೂ ಒಂದೇ ಸಂಜೆ ಆಗಿದ್ದನ್ನು ನಾನು ನೋಡಿದ್ದೇನೆ.

ಈ ಲೆಕ್ಕ ಹಾಕಿದಾಗ ಒಂದು ವಿಷಯ ತಾನಾಗೇ ಎದ್ದು ಕಾಣುತ್ತದೆ. ಫ್ರಾಂಕ್‌ಫರ್ಟ್‌ನಿಂದ ಹೋಗಬಹುದಾದ ಎರಡು ಊರು ತಗೊಳ್ಳಿ: ಮೈಂಜ್ ಮತ್ತು ಕೊಲೋನ್. ಮೈಂಜ್‌ನಿಂದ ಏರ್‌ಪೋರ್ಟ್‌ಗೆ ಎಸ್8 ಲೋಕಲ್ ರೈಲಿನಲ್ಲಿ ಅರ್ಧ ಗಂಟೆಯೂ ಆಗುವುದಿಲ್ಲ. ಅರ್ಧ ಗಂಟೆಗೊಂದು ರೈಲು ಇದ್ದರೆ ಎರಡು ಬಿಟ್ಟ ಮೇಲೆ ನೀವು ತಲುಪುವುದು 5:30ಕ್ಕೆ, ಮೈಂಜ್ ಬಿಡುವುದು 5ರ ಆಸುಪಾಸು. ಕೊಲೋನ್‌ನಿಂದ ಐಸಿಇ ಅನ್ನುವ ಹೈಸ್ಪೀಡ್ ರೈಲು ಏರ್‌ಪೋರ್ಟ್‌ಗೆ ಬರಲು ಸುಮಾರು ಒಂದು ಗಂಟೆ. ಗಂಟೆಗೊಂದು ರೈಲು ಅಂತ ಹಿಡಿದರೆ ಎರಡು ಬಿಟ್ಟು 4:30ಕ್ಕೆ ತಲುಪಬೇಕು, 3:30ಕ್ಕೇ ಕೊಲೋನ್ ಬಿಡಬೇಕು. ಬೆಳಗ್ಗೆ 9ಕ್ಕೆ ಹೊರಟವರಿಗೆ ಮೈಂಜ್‌ನಲ್ಲಿ ಏಳು ಗಂಟೆ ಸಿಗುತ್ತದೆ, ಕೊಲೋನ್‌ನಲ್ಲಿ ಐದು. ಕೊಲೋನ್‌ನ ದೊಡ್ಡ ಕ್ಯಾಥೆಡ್ರಲ್ ಸ್ಟೇಷನ್ ಪಕ್ಕದಲ್ಲೇ ಇರುವುದರಿಂದ ಐದು ಗಂಟೆಯೂ ಚೆನ್ನಾಗೇ ಸಾಕು. ಆದರೆ ಅಷ್ಟೇ ದೂರದ ಇನ್ನೊಂದು ಊರಿಗೆ ಎರಡು ಗಂಟೆಗೊಂದೇ ರೈಲು ಇದೆ ಅಂದುಕೊಳ್ಳಿ. ಅಲ್ಲಿಂದ ಮಧ್ಯಾಹ್ನ 1:30ಕ್ಕೇ ಎದ್ದು ಬರಬೇಕಾಗುತ್ತದೆ. ದೂರ ಅದೇ, ದಿನ ಮಾತ್ರ ಎರಡು ಗಂಟೆ ಕಡಿಮೆ. ಊರಿನ ದೂರಕ್ಕಿಂತ ರೈಲು ಎಷ್ಟು ಸಲ ಓಡುತ್ತದೆ ಅನ್ನುವುದೇ ಇಲ್ಲಿ ಜಾಸ್ತಿ ಮುಖ್ಯ.

ಹೋಗಿ ಬರುವ ಹೊತ್ತು ಊರಿನಲ್ಲಿ ಕಳೆಯುವ ಹೊತ್ತಿಗಿಂತ ಜಾಸ್ತಿ ಆದರೆ ಆ ಊರನ್ನು ಬಿಟ್ಟುಬಿಡಿ. ಕಿಟಕಿಯಾಚೆ ನೋಡುವುದೇ ಖುಷಿ ಅನ್ನುವವರಿಗೆ ಮಾತ್ರ ಇದು ಅನ್ವಯಿಸುವುದಿಲ್ಲ.

ಫ್ಲೈಟ್ ಬೆಳಗ್ಗೆ ಬೇಗ ಇದ್ದರೆ? ಆ ದಿನ ಎಲ್ಲಿಗೂ ಹೋಗುವುದು ಬೇಡ. ಹಿಂದಿನ ದಿನ ಹೋಗಿ, ಸಂಜೆಯೊಳಗೆ ಬಂದು, ಏರ್‌ಪೋರ್ಟ್ ಹತ್ತಿರ ಮಲಗಿ. ಒಂದು ರಾತ್ರಿ ಬೇರೆ ಊರಲ್ಲಿ ತಂಗುವ ಆಸೆ ಇದ್ದರೂ ಇದೇ ಮಾತು: ತಂಗುವುದು ಕೊನೆಯ ಹಿಂದಿನ ರಾತ್ರಿ ಆಗಿರಲಿ, ಕೊನೆಯ ರಾತ್ರಿ ಏರ್‌ಪೋರ್ಟ್ ಇರುವ ಊರಿನಲ್ಲೇ ಇರಿ.

ಇನ್ನೊಂದು ಎಚ್ಚರಿಕೆ. ಟಿಕೆಟ್‌ನಲ್ಲಿ 15ನೇ ತಾರೀಕು 00:40 ಅಂತ ಇದ್ದರೆ ನೀವು ಏರ್‌ಪೋರ್ಟ್‌ಗೆ ಹೋಗಬೇಕಾದ್ದು 14ರ ರಾತ್ರಿ. 15ರಂದು ಇಡೀ ದಿನ ಇದೆ ಅಂತ ಲೆಕ್ಕ ಹಾಕಿ ರೈಲು ಟಿಕೆಟ್ ತಗೊಂಡವರಿದ್ದಾರೆ. ತಾರೀಕನ್ನು ಜೊತೆಯವರಿಗೂ ತೋರಿಸಿ ಒಮ್ಮೆ ಖಚಿತ ಮಾಡಿಕೊಳ್ಳಿ.

2. ಏರ್‌ಪೋರ್ಟ್ ಯಾವ ದಿಕ್ಕಿಗಿದೆ ನೋಡಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ದೊಡ್ಡ ಹಂತ. ಹೆಚ್ಚಿನವರು ಇದನ್ನು ಮಾಡುವುದೇ ಇಲ್ಲ. ನಗರದ ಮಧ್ಯದಿಂದ ಯಾವ ಊರು ಹತ್ತಿರ ಅಂತ ಹುಡುಕುತ್ತಾರೆ. ಆದರೆ ಕೊನೆಯ ದಿನ ನೀವು ವಾಪಸ್ ಬರುವುದು ನಗರಕ್ಕಲ್ಲ, ಏರ್‌ಪೋರ್ಟ್‌ಗೆ. ಊರು ನಗರದ ಒಂದು ಪಕ್ಕ, ಏರ್‌ಪೋರ್ಟ್ ಇನ್ನೊಂದು ಪಕ್ಕ ಇದ್ದರೆ ಸಂಜೆಯ ಗದ್ದಲದಲ್ಲಿ, ಪೆಟ್ಟಿಗೆ ಎಳೆದುಕೊಂಡು, ಇಡೀ ನಗರ ದಾಟಬೇಕು.

ಪ್ಯಾರಿಸ್ ನಕ್ಷೆ ತೆಗೆದು ಬೆರಳಿಟ್ಟು ನೋಡಿ. ಶಾರ್ತ್ರ್ ಊರು ನೈಋತ್ಯಕ್ಕೆ ಸುಮಾರು 90 ಕಿ.ಮೀ. ರೈಮ್ಸ್ ಈಶಾನ್ಯಕ್ಕೆ ಸುಮಾರು 145 ಕಿ.ಮೀ. ಎರಡರಲ್ಲೂ ಎಷ್ಟು ನೋಡಿದರೂ ಸಾಲದಂಥ ಹಳೆಯ ಕ್ಯಾಥೆಡ್ರಲ್‌ಗಳಿವೆ. ದೂರ ನೋಡಿದರೆ ಶಾರ್ತ್ರ್ ಹತ್ತಿರ ಅಲ್ವಾ? ಆದರೆ ಶಾರ್ತ್ರ್ ರೈಲು ಬಂದು ನಿಲ್ಲುವುದು ನಗರದ ದಕ್ಷಿಣದ ಮೋಂಪಾರ್ನಾಸ್ ಸ್ಟೇಷನ್‌ನಲ್ಲಿ, ಒಂದು ಗಂಟೆಗೂ ಸ್ವಲ್ಪ ಜಾಸ್ತಿ ಓಡಿ. ಅಲ್ಲಿಂದ ಉತ್ತರದ ಶಾರ್ಲ್ ದ ಗಾಲ್ ಏರ್‌ಪೋರ್ಟ್‌ಗೆ ಇಡೀ ಪ್ಯಾರಿಸ್ ದಾಟಬೇಕು. ರೈಮ್ಸ್‌ನಿಂದ ಟಿಜಿವಿ ಅನ್ನುವ ಹೈಸ್ಪೀಡ್ ರೈಲು ಹತ್ತಿದರೆ ಸುಮಾರು 45 ನಿಮಿಷಕ್ಕೆ ಗಾರ್ ದ ಲೆಸ್ಟ್ ಸ್ಟೇಷನ್. ಅಲ್ಲಿಂದ ಹತ್ತು ನಿಮಿಷ ನಡೆದರೆ ಗಾರ್ ದು ನಾರ್. ಆ ಸ್ಟೇಷನ್ನಿನಿಂದ ಏರ್‌ಪೋರ್ಟ್‌ಗೆ ಆರ್‌ಇಆರ್ ಬಿ ಲೋಕಲ್ ರೈಲು ನೇರ ಹೋಗುತ್ತದೆ. ಇನ್ನೂ ಒಂದು ದಾರಿ ಇದೆ. ರೈಮ್ಸ್ ಹೊರವಲಯದ ಶಾಂಪೇನ್-ಆರ್ಡೆನ್ ಟಿಜಿವಿ ಸ್ಟೇಷನ್‌ನಿಂದ ಏರ್‌ಪೋರ್ಟ್‌ಗೆ ಅರ್ಧ ಗಂಟೆಯ ನೇರ ರೈಲುಗಳೂ ಇವೆ. ದಿನಕ್ಕೆ ಕೆಲವೇ ಇರುವುದರಿಂದ ವೇಳೆ ಮೊದಲೇ ನೋಡಿಕೊಳ್ಳಬೇಕು. ಒಟ್ಟಿನಲ್ಲಿ 55 ಕಿ.ಮೀ. ಜಾಸ್ತಿ ದೂರದ ಊರೇ ಕೊನೆಯ ದಿನ ಹತ್ತಿರದ ಊರಾಗುತ್ತದೆ. ಫ್ಲೈಟ್ ದಕ್ಷಿಣದ ಓರ್ಲಿ ಏರ್‌ಪೋರ್ಟ್‌ನಿಂದ ಇದ್ದರೆ ಮಾತ್ರ ಶಾರ್ತ್ರ್ ಪರವಾಗಿ ಲೆಕ್ಕ ತಿರುಗುತ್ತದೆ.

ಇದಕ್ಕಿಂತಲೂ ಒಳ್ಳೆಯದು, ಏರ್‌ಪೋರ್ಟ್‌ಗೆ ನೇರ ರೈಲು ಇರುವ ಪುಟ್ಟ ಊರುಗಳು. ಬೆಲ್ಜಿಯಂನಲ್ಲಿ ಎಲ್ಲರೂ ಬ್ರೂಜ್‌ಗೆ ಓಡುತ್ತಾರೆ. ಬ್ರಸೆಲ್ಸ್ ಏರ್‌ಪೋರ್ಟ್‌ನಿಂದ ಅದು ಸುಮಾರು ಒಂದೂವರೆ ಗಂಟೆ. ಲ್ಯೂವೆನ್ ಅದೇ ಏರ್‌ಪೋರ್ಟ್‌ನಿಂದ ಕಾಲು ಗಂಟೆ! 1425ರಲ್ಲಿ ಶುರುವಾದ ವಿಶ್ವವಿದ್ಯಾಲಯ, ಕಲ್ಲನ್ನು ಜಾಲರಿಯಂತೆ ಕೆತ್ತಿ ನಿಲ್ಲಿಸಿದ 15ನೇ ಶತಮಾನದ ಪುರಭವನ, ಸ್ಟೇಷನ್ನಿನಿಂದ ಅಲ್ಲಿಗೆ ನೆಟ್ಟಗೆ ಒಂದೇ ಬೀದಿ. ಆಮ್‌ಸ್ಟರ್‌ಡಾಮ್‌ನ ಸ್ಕಿಪೋಲ್ ಏರ್‌ಪೋರ್ಟ್‌ನ ಅಡಿಯಲ್ಲೇ ಸ್ಟೇಷನ್ ಇದೆ. ಕಾಲುವೆಗಳ ಹಳೇ ಊರು ಲೈಡನ್ ಅಲ್ಲಿಂದ ಕಾಲು ಗಂಟೆಯ ಆಸುಪಾಸು. ಟೋಕಿಯೊದ ನರಿಟಾ ಏರ್‌ಪೋರ್ಟ್‌ನಿಂದ ಹತ್ತು ನಿಮಿಷ ರೈಲಿನಲ್ಲಿ ಹೋದರೆ ನರಿಟಾ ಊರೇ ಸಿಗುತ್ತದೆ. ಅಲ್ಲಿನ ನರಿಟಾಸಾನ್ ಶಿನ್‌ಶೋಜಿ ದೇವಾಲಯ 940ರಲ್ಲಿ ಸ್ಥಾಪನೆಯಾದದ್ದು. ಆ ಏರ್‌ಪೋರ್ಟ್‌ಗೆ ಬಂದಿಳಿಯುವ ಅದೆಷ್ಟೋ ಜನ ಆ ಊರಿನ ಹೆಸರನ್ನು ಬೋರ್ಡಿಂಗ್ ಪಾಸ್ ಮೇಲೆ ಓದುತ್ತಾರೆ, ಊರನ್ನು ನೋಡುವುದೇ ಇಲ್ಲ.

ನಗರಕ್ಕೆ ಒಂದಕ್ಕಿಂತ ಜಾಸ್ತಿ ಏರ್‌ಪೋರ್ಟ್ ಇದ್ದರೆ ಮೊದಲು ಟಿಕೆಟ್ ತೆಗೆದು ಯಾವುದು ಅಂತ ನೋಡಿ. ಲಂಡನ್‌ನಲ್ಲಿ ಫ್ಲೈಟ್ ಸ್ಟಾನ್‌ಸ್ಟೆಡ್‌ನಿಂದ ಇದ್ದರೆ ಕೇಂಬ್ರಿಜ್ ಬಲು ಸುಲಭ, ನೇರ ರೈಲಿನಲ್ಲಿ ಸುಮಾರು ಅರ್ಧ ಗಂಟೆ. ಗ್ಯಾಟ್ವಿಕ್ ಆದರೆ ಕಡಲತೀರದ ಬ್ರೈಟನ್, ಅದೂ ಅರ್ಧ ಗಂಟೆಯ ದಾರಿ. ಹೀಥ್ರೂ ಆದರೆ ಆಕ್ಸ್‌ಫರ್ಡ್ ನೋಡಿ: ಅಲ್ಲಿಂದ ಸುಮಾರು ಒಂದು ಗಂಟೆಗೆ ಪ್ಯಾಡಿಂಗ್ಟನ್, ಏರ್‌ಪೋರ್ಟ್ ರೈಲು ಹೊರಡುವುದೂ ಅದೇ ಸ್ಟೇಷನ್ನಿನಿಂದ. ಬ್ಯಾಂಕಾಕ್‌ನಲ್ಲೂ ಹೀಗೇ. ಹಳೆಯ ರಾಜಧಾನಿ ಅಯುತ್ಥಾಯಕ್ಕೆ ಹೋಗುವ ಹಳಿ ಡಾನ್ ಮುವಾಂಗ್ ಏರ್‌ಪೋರ್ಟ್ ಪಕ್ಕದಲ್ಲೇ ಹಾದುಹೋಗುತ್ತದೆ. ವಾಪಸ್ ಬರುವಾಗ ನಗರಕ್ಕೆ ಹೋಗದೆ ಅಲ್ಲೇ ಇಳಿಯಬಹುದು. ಫ್ಲೈಟ್ ಸುವರ್ಣಭೂಮಿಯಿಂದ ಇದ್ದರೆ ಆ ಅನುಕೂಲ ಇಲ್ಲ, ಅದು ನಗರದ ಪೂರ್ವಕ್ಕಿದೆ.

3. ವೇಳಾಪಟ್ಟಿಯ ಲಯ ಹಿಡಿಯಿರಿ

ಕೆಲವು ದೇಶಗಳಲ್ಲಿ ರೈಲು ಪ್ರತಿ ಗಂಟೆ ಅದೇ ನಿಮಿಷಕ್ಕೆ ಹೊರಡುತ್ತದೆ. 10:07, 11:07, 12:07. ನೆದರ್ಲ್ಯಾಂಡ್ಸ್ 1970ರಲ್ಲಿ ಈ ಪದ್ಧತಿಗೆ ಬಂತು, ಸ್ವಿಟ್ಜರ್ಲೆಂಡ್ 1982ರಲ್ಲಿ. ಕೊನೆಯ ದಿನದ ಪ್ರವಾಸಿಗೆ ಇದೊಂದು ವರ. ಒಂದೇ ಒಂದು ನಿಮಿಷ ನೆನಪಿಟ್ಟುಕೊಂಡರೆ ಇಡೀ ದಿನದ ವೇಳಾಪಟ್ಟಿ ತಲೆಯಲ್ಲಿರುತ್ತದೆ.

ರೈಲು ಬದಲಿಸುವುದು ಬೇಡ ಅಂತ ಸಾಮಾನ್ಯವಾಗಿ ಹೇಳುತ್ತೇನೆ. ಸ್ವಿಟ್ಜರ್ಲೆಂಡ್‌ನಂಥ ಕಡೆ ಒಂದು ಬದಲಾವಣೆಗೆ ಹೆದರಬೇಕಿಲ್ಲ. ಜೂರಿಕ್ ಏರ್‌ಪೋರ್ಟ್‌ನಿಂದ ವಿಂಟರ್‌ಥೂರ್‌ಗೆ ಹೋಗಿ, ಅಲ್ಲಿ ರೈಲು ಬದಲಿಸಿದರೆ ರೈನ್ ಜಲಪಾತದ ಬುಡದಲ್ಲೇ ಇರುವ ಶ್ಲಾಸ್ ಲಾಫೆನ್ ಸ್ಟೇಷನ್‌ಗೆ ಬರುತ್ತೀರಿ. ಎತ್ತರ 23 ಮೀಟರ್ ಮಾತ್ರ, ಆದರೆ 150 ಮೀಟರ್ ಅಗಲಕ್ಕೆ ನದಿಗೆ ನದಿಯೇ ಧುಮುಕುತ್ತದೆ. ಕಟ್ಟೆಯ ಮೇಲೆ ನಿಂತರೆ ಕೈಯಡಿಯ ಕಂಬಿ ನಡುಗುವುದು ಬೆರಳಿಗೆ ಗೊತ್ತಾಗುತ್ತದೆ. ಇಡೀ ದಾರಿ ಏರ್‌ಪೋರ್ಟ್‌ನ ಆಚೆ ಬದಿಗೇ ಇರುವುದರಿಂದ ಜೂರಿಕ್ ನಗರದೊಳಕ್ಕೆ ಕಾಲಿಡುವ ಪ್ರಮೇಯವೇ ಇಲ್ಲ.

ಬದಲಾವಣೆ ಎರಡಾದರೆ ಮಾತ್ರ ಯಾವ ದೇಶವಾದರೂ ಬೇಡ. ಒಂದು ಕೊಂಡಿ ಕಳಚಿದರೆ ಉಳಿದದ್ದೂ ಕಳಚುತ್ತದೆ.

ವೇಳಾಪಟ್ಟಿ ನೋಡುವಾಗ ನೀವು ಹೋಗುವ ತಾರೀಕನ್ನೇ ಹಾಕಿ ನೋಡಿ. ಭಾನುವಾರ, ಹಬ್ಬದ ದಿನ ರೈಲು ಕಡಿಮೆ ಇರುತ್ತವೆ. ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಯುರೋಪಿನಲ್ಲಿ ಗಡಿಯಾರ ಒಂದು ಗಂಟೆ ಹಿಂದುಮುಂದಾಗುತ್ತದೆ, ಅದನ್ನೂ ಮರೆಯಬೇಡಿ.

4. ಆ ದಾರಿಯ ರೈಲನ್ನು ಎಷ್ಟು ನಂಬಬಹುದು?

ಪಟ್ಟಿಯಲ್ಲಿರುವ ಸಮಯ ಬೇರೆ, ರೈಲು ಬರುವ ಸಮಯ ಬೇರೆ. ಸ್ವಿಸ್ ರೈಲ್ವೆಯಲ್ಲಿ ಮೂರು ನಿಮಿಷದೊಳಗೆ ಬಂದರೆ ಮಾತ್ರ ಸಮಯಕ್ಕೆ ಸರಿಯಾಗಿ ಬಂದಂತೆ. ಅಷ್ಟು ಬಿಗಿಯಾಗಿ ಅಳೆದರೂ 2024ರಲ್ಲಿ ನೂರಕ್ಕೆ 93ರಷ್ಟು ಸರಿಯಾಗಿತ್ತು. ಜರ್ಮನಿಯ ರೈಲ್ವೆ ಡಾಯ್ಚ ಬಾನ್ ಆರು ನಿಮಿಷದವರೆಗೆ ಸಡಿಲ ಬಿಡುತ್ತದೆ. ಆದರೂ ಅದೇ ವರ್ಷ ಅಲ್ಲಿನ ದೂರದ ರೈಲುಗಳಲ್ಲಿ ಸಮಯಕ್ಕೆ ಬಂದದ್ದು ನೂರಕ್ಕೆ 62.5 ಮಾತ್ರ. ಹಾಗಂತ ಜರ್ಮನಿಯಲ್ಲಿ ಹೋಗಬೇಡಿ ಅಂತಲ್ಲ. ಅಲ್ಲಿ ಎರಡು ರೈಲು ಬಿಡುವ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿ, ಆದಷ್ಟೂ ಹತ್ತಿರದ ಲೋಕಲ್ ರೈಲಿನ ಊರನ್ನು ಆರಿಸಿ ಅಂತ ಅರ್ಥ. ಮೈಂಜ್‌ಗೆ ನನ್ನ ಓಟು ಬೀಳುವುದು ಇದಕ್ಕೇ.

ಹಳಿ ಕೆಲಸದ ಸುದ್ದಿಯನ್ನೂ ನೋಡಿ. ಫ್ರಾಂಕ್‌ಫರ್ಟ್ ಮತ್ತು ಮಾನ್‌ಹೈಮ್ ನಡುವಿನ ಮುಖ್ಯ ಹಳಿಯನ್ನು 2024ರ ಜುಲೈಯಿಂದ ಡಿಸೆಂಬರ್‌ವರೆಗೆ ಐದು ತಿಂಗಳು ಪೂರ್ತಿ ಮುಚ್ಚಿದ್ದರು. ಹಳೆಯ ಪ್ರವಾಸ ಲೇಖನ ಓದಿ ಆ ದಾರಿ ಹಿಡಿದವರಿಗೆ ಸಿಕ್ಕಿದ್ದು ಬದಲಿ ಬಸ್ಸು, ಸುತ್ತುಬಳಸಿನ ರೈಲು.

ಮುಷ್ಕರ ಇದ್ದರೆ? ಇಟಲಿಯಲ್ಲಿ ವಾರದ ದಿನ ಬೆಳಗ್ಗೆ 6ರಿಂದ 9, ಸಂಜೆ 6ರಿಂದ 9ರವರೆಗೆ ಪ್ರಾದೇಶಿಕ ರೈಲುಗಳ ಕನಿಷ್ಠ ಸೇವೆ ಇರಲೇಬೇಕು. ಫ್ರಾನ್ಸ್‌ನಲ್ಲಿ ಮರುದಿನ ಓಡುವ ರೈಲುಗಳ ಪಟ್ಟಿ ಹಿಂದಿನ ಸಂಜೆ ಗೊತ್ತಾಗುತ್ತದೆ. ಆದರೂ ನಾನು ಹೇಳುವುದು ಒಂದೇ: ಕೊನೆಯ ದಿನ ಮುಷ್ಕರ ಅಂತ ಗೊತ್ತಾದರೆ ಪ್ರವಾಸ ಬಿಟ್ಟುಬಿಡಿ.

ಹವಾಮಾನದ್ದೂ ಇದೇ ಕಥೆ. 2018ರ ಸೆಪ್ಟೆಂಬರ್ 4ರಂದು ಜೆಬಿ ಚಂಡಮಾರುತದಲ್ಲಿ ಒಂದು ಟ್ಯಾಂಕರ್ ಹಡಗು ಒಸಾಕಾದ ಕನ್ಸಾಯ್ ಏರ್‌ಪೋರ್ಟ್ ಸೇತುವೆಗೆ ಬಡಿಯಿತು. ಆ ಏರ್‌ಪೋರ್ಟ್ ಇರುವುದು ಸಮುದ್ರದ ನಡುವಿನ ಕೃತಕ ದ್ವೀಪದಲ್ಲಿ. ರೈಲು ಹೋಗುವುದಕ್ಕೆ ಆ ಸೇತುವೆ ಒಂದೇ ದಾರಿ. ಸುಮಾರು ಎರಡು ವಾರ ರೈಲು ಓಡಲಿಲ್ಲ. ಅಂಥದ್ದು ದಿನಾ ಆಗುವುದಿಲ್ಲ, ನಿಜ. ಆದರೆ ಏರ್‌ಪೋರ್ಟ್‌ಗೆ ಎಷ್ಟು ದಾರಿ ಇವೆ, ರೈಲು ನಿಂತರೆ ಬಸ್ಸೋ ಟ್ಯಾಕ್ಸಿಯೋ ಸಿಗುತ್ತದಾ ಅನ್ನುವುದನ್ನು ಹೊರಡುವ ಮುಂಚೆಯೇ ತಿಳಿದಿರಬೇಕು. ಒಂದು ಗಂಟೆಯ ರೈಲು ದಾರಿ ಟ್ಯಾಕ್ಸಿಯಲ್ಲಿ ಎಷ್ಟಾಗುತ್ತದೆ ನೋಡಿ. ಆ ಮೊತ್ತ ಕೇಳಿ ಎದೆ ಧಸಕ್ ಅಂದರೆ ಇನ್ನೂ ಹತ್ತಿರದ ಊರು ಹುಡುಕಿ.

5. ಸ್ಟೇಷನ್‌ನಿಂದ ಊರಿಗೆ

ಪಟ್ಟಿಯಲ್ಲಿ ರೈಲು 28 ನಿಮಿಷ ಅಂತ ಇರುತ್ತದೆ, ಆದರೆ ಸ್ಟೇಷನ್ ಊರಿನಿಂದ ದೂರ ಇರಬಹುದು. ಸ್ಪೇನಿನ ಸೆಗೋವಿಯಾ ಅದಕ್ಕೆ ಸರಿಯಾದ ಉದಾಹರಣೆ. ಮ್ಯಾಡ್ರಿಡ್‌ನಿಂದ ಹೈಸ್ಪೀಡ್ ರೈಲಿನಲ್ಲಿ ಅರ್ಧ ಗಂಟೆಯೊಳಗೆ ಬಂದುಬಿಡುತ್ತೀರಿ. ಆದರೆ ಇಳಿದರೆ ಸುತ್ತಲೂ ಬಯಲು. ರೋಮನ್ ಕಾಲದ ಆ ಮೇಲ್ಗಾಲುವೆ ಇರುವ ಊರು ಇನ್ನೂ ಕೆಲವು ಕಿ.ಮೀ. ದೂರ, ಬಸ್ಸಿಗೆ ಕಾಯಬೇಕು. ಟೊಲೆಡೊ ಸುಮಾರು 33 ನಿಮಿಷ, ಅಲ್ಲಿಂದ ನಡೆದೇ ಊರು ಸೇರಬಹುದು, ಏರುದಾರಿ ಅನ್ನುವುದು ನೆನಪಿರಲಿ. ಅಯುತ್ಥಾಯದಲ್ಲಿ ಸ್ಟೇಷನ್ ನದಿಯ ಈಚೆ, ಹಳೆಯ ರಾಜಧಾನಿಯ ಹೆಚ್ಚಿನ ಅವಶೇಷಗಳು ಆಚೆ, ದೋಣಿಯಲ್ಲಿ ದಾಟಬಹುದು. ಹೋಗುವಾಗ ಅದೊಂದು ಸೊಗಸು. ಬರುವಾಗ ಲೆಕ್ಕದಲ್ಲಿ ಅರ್ಧ ಗಂಟೆ ಸೇರಿಸಿಕೊಳ್ಳಿ.

ಊರಿಗೆ ರಜೆ ಯಾವತ್ತು ಅಂತಲೂ ನೋಡಿ. ಯುರೋಪಿನ ಬಹಳಷ್ಟು ಮ್ಯೂಸಿಯಂಗಳಿಗೆ ಸೋಮವಾರ ರಜೆ. ತಾಜ್ ಮಹಲ್‌ಗೆ ಶುಕ್ರವಾರ. ದೆಹಲಿಯಿಂದ ಆಗ್ರಾಕ್ಕೆ ಹೋಗುವ ಗತಿಮಾನ್ ಎಕ್ಸ್‌ಪ್ರೆಸ್ ಕೂಡ ಶುಕ್ರವಾರ ಓಡುವುದಿಲ್ಲ. ಹಾಗೇ ಬೆಳಕು. ಡಿಸೆಂಬರ್‌ನಲ್ಲಿ ಲಂಡನ್‌ನಲ್ಲಿ ಸಂಜೆ 4ಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ, ಆಮ್‌ಸ್ಟರ್‌ಡಾಮ್‌ನಲ್ಲಿ 4:30ರ ಹೊತ್ತಿಗೆ. ಚಳಿಗಾಲದಲ್ಲಿ ಬೆಟ್ಟ, ಕಡಲತೀರ ಬಿಟ್ಟು ಊರೊಳಗೆ ಸುತ್ತುವಂಥ ಜಾಗ ಆರಿಸಿ.

6. ಪೆಟ್ಟಿಗೆ ಎಲ್ಲಿಡುವುದು?

ಊರು ಗೊತ್ತಾಯಿತು, ರೈಲು ಗೊತ್ತಾಯಿತು. ಪೆಟ್ಟಿಗೆಗೆ ಜಾಗ ಗೊತ್ತಾಗುವವರೆಗೆ ಏನೂ ಗೊತ್ತಾಗಿಲ್ಲ ಅಂತಲೇ ತಿಳಿಯಿರಿ.

ಒಮ್ಮೆ ಒಂದು ಚಿಕ್ಕ ಊರಿಗೆ ಪೆಟ್ಟಿಗೆ ಸಮೇತ ಹೋಗಿದ್ದೆ. ಯಾವ ಊರು ಅನ್ನುವುದು ಬೇಡ. ಸ್ಟೇಷನ್ನಿನ ಲಗೇಜ್ ಕೊಠಡಿಯಲ್ಲಿ ಇಟ್ಟು, ಚೀಟಿ ತಗೊಂಡು ಸುತ್ತಾಡಲು ಹೋದೆ. ಮಧ್ಯಾಹ್ನ 1:05ರ ರೈಲಿಗೆ 12:40ಕ್ಕೇ ವಾಪಸ್ ಬಂದೆ. ಬಾಗಿಲು ಹಾಕಿತ್ತು. ಗಾಜಿನ ಮೇಲೆ ಅಂಟಿಸಿದ್ದ ಚೀಟಿಯಲ್ಲಿ 12:30ರಿಂದ 2ರವರೆಗೆ ವಿರಾಮ ಅಂತ ಬರೆದಿತ್ತು. ಬೆಳಗ್ಗೆ ಅದೇ ಗಾಜಿನ ಮುಂದೆ ನಿಂತಿದ್ದರೂ ನಾನು ಓದಿರಲಿಲ್ಲ. ಒಳಗೆ ಎರಡನೇ ಕಪಾಟಿನ ಮೇಲೆ ನನ್ನ ನೀಲಿ ಪೆಟ್ಟಿಗೆ ಕಾಣುತ್ತಿತ್ತು, ಗುರುತಿಗೆ ಹಿಡಿಕೆಗೆ ಕಟ್ಟಿದ್ದ ಕೆಂಪು ದಾರವೂ ಕಾಣುತ್ತಿತ್ತು. ನನಗೂ ಅದಕ್ಕೂ ನಡುವೆ ಮೂರು ಮಾರು ದೂರ. 1:05ರ ರೈಲು ಬಂತು, ಹೋಯಿತು. ಕೊನೆಗೆ ಕೌಂಟರ್ ಮುಚ್ಚುವುದಕ್ಕೆ ಹತ್ತು ನಿಮಿಷ ಇದೆ ಅನ್ನುವಾಗ ಓಡುತ್ತಾ ಏರ್‌ಪೋರ್ಟ್ ತಲುಪಿದೆ. ಅವತ್ತು ಆ ಊರಲ್ಲಿ ಏನೇನು ನೋಡಿದೆ ಅಂತ ಕೇಳಿದರೆ ಈಗ ಹೇಳಲಾರೆ. ಆ ಕೆಂಪು ದಾರ ಮಾತ್ರ ನೆನಪಿದೆ.

ಅಂದಿನಿಂದ ನನ್ನ ಕ್ರಮ ಹೀಗಿದೆ. ದಾರಿ ಏರ್‌ಪೋರ್ಟ್ ಮೂಲಕವೇ ಹೋಗುವುದಾದರೆ ಬೆಳಗ್ಗೆ ಅಲ್ಲೇ ಇಳಿದು ಅಲ್ಲಿನ ಲಗೇಜ್ ಕೊಠಡಿಯಲ್ಲಿ ಇಟ್ಟು ಮುಂದೆ ಹೋಗುತ್ತೇನೆ. ಫ್ರಾಂಕ್‌ಫರ್ಟ್‌ನ ಎಸ್8 ರೈಲು ನಗರದಿಂದ ಏರ್‌ಪೋರ್ಟ್ ಹಾದು ಮೈಂಜ್‌ಗೆ ಹೋಗುವುದರಿಂದ ಅಲ್ಲಿ ಇದು ಬಹಳ ಸಲೀಸು. ಏರ್‌ಪೋರ್ಟ್ ದಾರಿಯಲ್ಲಿ ಬರದಿದ್ದರೆ, ವಾಪಸ್ ಬರುವಾಗ ಹೇಗೂ ಇಳಿದು ರೈಲು ಬದಲಿಸುವ ದೊಡ್ಡ ಸ್ಟೇಷನ್ನಿನ ಲಾಕರ್. ಹೋಟೆಲಿನಲ್ಲಿ ಬಿಡುವುದು ಕೊನೆಯ ಆಯ್ಕೆ, ಯಾಕೆಂದರೆ ಅದನ್ನು ತರಲು ಮತ್ತೆ ನಗರದೊಳಕ್ಕೆ ಹೋಗಬೇಕು. ಹೋಗುವ ಊರಿನ ಸ್ಟೇಷನ್ನಿನ ಮೇಲೆ ಭರವಸೆ ಇಡುವುದೇ ಇಲ್ಲ. ಬಹಳಷ್ಟು ಚಿಕ್ಕ ಸ್ಟೇಷನ್‌ಗಳಲ್ಲಿ ಲಾಕರ್ ಇರುವುದೇ ಇಲ್ಲ.

ಲಾಕರ್ ಬಳಸುವವರು ಎರಡು ಫೋಟೋ ತೆಗೆಯಿರಿ: ಲಾಕರಿನ ನಂಬರು ಕಾಣುವಂತೆ ಒಂದು, ಅದು ಇರುವ ಗೋಡೆ, ದಿಕ್ಕು, ಬಾಗಿಲು ಕಾಣುವಂತೆ ಇನ್ನೊಂದು. ದೊಡ್ಡ ಸ್ಟೇಷನ್ನಿನಲ್ಲಿ ಲಾಕರ್ ಸಾಲು ನಾಲ್ಕೈದು ಕಡೆ ಇರುತ್ತವೆ. ಪಾಸ್‌ಪೋರ್ಟ್, ಔಷಧಿ, ಚಾರ್ಜರ್ ಮಾತ್ರ ಯಾವತ್ತೂ ನಿಮ್ಮ ಮೈಮೇಲೇ ಇರಲಿ.

ಪೆಟ್ಟಿಗೆಯನ್ನು ಜೊತೆಗೇ ಒಯ್ಯುವ ಯೋಚನೆ ಇದ್ದರೆ ಆ ರೈಲಿನ ನಿಯಮ ಓದಿ. ಜಪಾನಿನ ಟೊಕೈಡೊ ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಉದ್ದ, ಅಗಲ, ಎತ್ತರ ಮೂರೂ ಕೂಡಿ 160 ಸೆಂ.ಮೀ. ದಾಟಿದ ಪೆಟ್ಟಿಗೆಗೆ 2020ರ ಮೇ ತಿಂಗಳಿಂದ ಜಾಗ ಮೊದಲೇ ಕಾಯ್ದಿರಿಸಬೇಕು.

7. ಟಿಕೆಟ್: ಹೋಗುವುದು ಅಗ್ಗ, ಬರುವುದು ಸಡಿಲ

ಹೋಗುವ ರೈಲಿಗೆ ಅಗ್ಗದ ಟಿಕೆಟ್ ತಗೊಳ್ಳಿ, ತಪ್ಪಿದರೂ ದೊಡ್ಡ ನಷ್ಟ ಇಲ್ಲ. ಬರುವ ರೈಲಿಗೆ ಯಾವ ಹೊತ್ತಿನ ರೈಲಾದರೂ ಹತ್ತಬಹುದಾದ ಟಿಕೆಟ್ ತಗೊಳ್ಳಿ. ಸ್ವಲ್ಪ ಜಾಸ್ತಿ ಆಗುತ್ತದೆ, ಆಗಲಿ. ಒಂದೇ ರೈಲಿಗೆ ಕಟ್ಟುಬಿದ್ದ ಟಿಕೆಟ್ ಕೈಯಲ್ಲಿದ್ದರೆ ಮಳೆ ಬಂತು, ಬೇಗ ಹೋಗೋಣ ಅನ್ನುವುದಕ್ಕೂ ಆಗುವುದಿಲ್ಲ. ಲೋಕಲ್ ಮತ್ತು ಪ್ರಾದೇಶಿಕ ರೈಲುಗಳಿಗೆ ಬಹಳಷ್ಟು ದೇಶಗಳಲ್ಲಿ ಸೀಟು ಕಾಯ್ದಿರಿಸುವ ಗೋಜೇ ಇಲ್ಲ. ಕೊನೆಯ ದಿನಕ್ಕೆ ಅವೇ ಚೆನ್ನ. ಫ್ರಾನ್ಸ್‌ನ ಟಿಜಿವಿ, ಸ್ಪೇನಿನ ಹೈಸ್ಪೀಡ್ ರೈಲುಗಳಲ್ಲಿ ಸೀಟು ಕಡ್ಡಾಯ. ಸ್ಪೇನಿನಲ್ಲಿ ಸಾಮಾನು ಸ್ಕ್ಯಾನ್ ಕೂಡ ಮಾಡುತ್ತಾರೆ, ರೈಲು ಹೊರಡುವುದಕ್ಕೆ ಎರಡು ನಿಮಿಷ ಮೊದಲೇ ಗೇಟು ಮುಚ್ಚುತ್ತಾರೆ.

ಜರ್ಮನಿಯಲ್ಲಿ ಅಗ್ಗದ ಟಿಕೆಟ್ ಇದ್ದವರಿಗೆ ಒಂದು ಅನುಕೂಲ ಇದೆ. ತಲುಪುವುದು 20 ನಿಮಿಷಕ್ಕಿಂತ ತಡವಾಗುತ್ತದೆ ಅಂತ ತೋರಿಸಿದರೆ ಆ ಒಂದೇ ರೈಲಿನ ಕಟ್ಟು ಸಡಿಲವಾಗುತ್ತದೆ, ಬೇರೆ ರೈಲು ಹತ್ತಬಹುದು. ಯುರೋಪಿಯನ್ ಒಕ್ಕೂಟದ ನಿಯಮದಂತೆ ಒಂದು ಗಂಟೆ ತಡವಾದರೆ ಟಿಕೆಟ್ ಹಣದ ನಾಲ್ಕನೇ ಒಂದು ಭಾಗ, ಎರಡು ಗಂಟೆ ತಡವಾದರೆ ಅರ್ಧ ವಾಪಸ್ ಕೇಳಬಹುದು. ಆದರೆ ಅದು ರೈಲು ಟಿಕೆಟಿನ ಹಣ. ತಪ್ಪಿದ ಫ್ಲೈಟಿನ ಹಣ ಆ ನಿಯಮದಲ್ಲಿ ಬರುವುದಿಲ್ಲ.

ಇಟಲಿಯಲ್ಲಿ ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್‌ಗೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ಮರೆತರೆ ದಂಡ.

8. ಗಡಿ ದಾಟುವ ಆಸೆ ಬಂದರೆ

ವಿಯೆನ್ನಾದಿಂದ ಬ್ರಾಟಿಸ್ಲಾವಾ ಒಂದು ಗಂಟೆ. ದೇಶ ಬೇರೆ, ಆದರೆ ಎರಡೂ ಷೆಂಗೆನ್ ವಲಯದಲ್ಲೇ ಇವೆ, ಅದೇ ವೀಸಾ ಸಾಕು. ಪ್ಯಾರಿಸ್‌ನಿಂದ ಯೂರೋಸ್ಟಾರ್ ಹತ್ತಿ ಲಂಡನ್ ನೋಡಿ ಬರೋಣ ಅನ್ನುವುದು ಹಾಗಲ್ಲ. ಬ್ರಿಟನ್ನಿಗೆ ಬೇರೆ ವೀಸಾ ಬೇಕಾಗಬಹುದು. ಒಂದೇ ಸಲ ಒಳಗೆ ಬರುವ ಷೆಂಗೆನ್ ವೀಸಾ ಇದ್ದರೆ ಹೊರಗೆ ಹೋದವರು ವಾಪಸ್ ಬರುವಂತಿಲ್ಲ, ನಿಮ್ಮ ಫ್ಲೈಟ್ ಪ್ಯಾರಿಸ್‌ನಲ್ಲೇ ಉಳಿಯುತ್ತದೆ. ವೀಸಾ ಎಲ್ಲ ಸರಿ ಇದ್ದರೂ ಪಾಸ್‌ಪೋರ್ಟ್ ಸಾಲು ದಾಟಲು ಬಹಳ ಮೊದಲೇ ಹೋಗಬೇಕು. ಕೊನೆಯ ದಿನಕ್ಕೆ ಇದು ಬೇಡವೇ ಬೇಡ.

9. ಆ ದಿನ

ಬೆಳಗ್ಗೆ ಏಳುತ್ತಲೇ ರೈಲ್ವೆಯ ಆಪ್‌ನಲ್ಲಿ ವಾಪಸ್ ಬರುವ ದಾರಿಯ ಸ್ಥಿತಿ ನೋಡಿ. ಹೋಗುವ ದಾರಿ ಸರಿ ಇದ್ದು ಬರುವ ದಾರಿಯಲ್ಲಿ ತೊಂದರೆ ಕಂಡರೆ ಎರಡನೇ ಆಯ್ಕೆಯ ಊರಿಗೆ ಹೋಗಿ. ಅದಕ್ಕೇ ನಾನು ಯಾವಾಗಲೂ ಎರಡು ಊರು ಬರೆದಿಟ್ಟುಕೊಳ್ಳುವುದು.

ಬೋರ್ಡ್ ಓದುವಾಗ ಊರಿನ ಸ್ಥಳೀಯ ಹೆಸರು ಗೊತ್ತಿರಲಿ. ಕೊಲೋನ್ ಅಲ್ಲಿ ಕ್ಯೋಲ್ನ್, ಫ್ಲಾರೆನ್ಸ್ ಅಲ್ಲಿ ಫಿರೆಂಝೆ. ಬೆಲ್ಜಿಯಂನಲ್ಲಿ ಒಂದೇ ಊರಿಗೆ ಎರಡು ಭಾಷೆಯಲ್ಲಿ ಎರಡು ಹೆಸರು. ಮೋನ್ಸ್‌ಗೆ ಹೋಗುವ ರೈಲಿನ ಮೇಲೆ ಬೆರ್ಗೆನ್ ಅಂತಲೂ ಇರಬಹುದು. ಫ್ರಾಂಕ್‌ಫರ್ಟ್‌ಗಳೂ ಎರಡು, ಒಂದು ಮೈನ್ ನದಿಯ ಮೇಲೆ, ಇನ್ನೊಂದು ಪೋಲೆಂಡ್ ಗಡಿಯ ಓಡರ್ ನದಿಯ ಮೇಲೆ. ಫ್ರಾಂಕ್‌ಫರ್ಟ್ ಏರ್‌ಪೋರ್ಟ್‌ನಲ್ಲೇ ಎರಡು ಸ್ಟೇಷನ್ ಇವೆ, ಲೋಕಲ್ ರೈಲಿಗೊಂದು, ದೂರದ ರೈಲಿಗೊಂದು. ಕೆಲವು ರೈಲು ಅರ್ಧ ದಾರಿಯಲ್ಲಿ ಎರಡು ಹೋಳಾಗಿ ಬೇರೆ ಬೇರೆ ಕಡೆ ಹೋಗುತ್ತವೆ. ಹತ್ತುವ ಮುಂಚೆ ಬೋಗಿಯ ಪಕ್ಕದ ಫಲಕ ಓದಿ.

ಊರಿಗೆ ಇಳಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ, ವಾಪಸ್ ಹೋಗುವ ಪ್ಲಾಟ್‌ಫಾರ್ಮ್ ಎಲ್ಲಿ ಅಂತ ನೋಡುವುದು. ಸುರಂಗ ದಾಟಬೇಕಾ, ಮೆಟ್ಟಿಲು ಹತ್ತಬೇಕಾ? ಎರಡು ನಿಮಿಷ ಸಾಕು. ಆಮೇಲೆ ಫೋನಿನಲ್ಲಿ ಎರಡು ಅಲಾರಂ ಇಡಿ, ಒಂದು ಸ್ಟೇಷನ್ ಕಡೆಗೆ ತಿರುಗಬೇಕಾದ ಹೊತ್ತಿಗೆ, ಇನ್ನೊಂದು ಅದಕ್ಕೆ ಅರ್ಧ ಗಂಟೆ ಮೊದಲು. ಅದಾದ ಮೇಲೆ ಗಡಿಯಾರ ಮರೆತುಬಿಡಿ, ಊರು ನೋಡಿ. ಒಂದು ಮುಖ್ಯ ಜಾಗ ಇಟ್ಟುಕೊಳ್ಳಿ, ಅದನ್ನು ಮೊದಲೇ ನೋಡಿ ಮುಗಿಸಿ. ಉಳಿದ ಹೊತ್ತು ನದಿ ದಂಡೆಯೋ ಹಳೇ ಬೀದಿಯೋ, ಕಾಲು ಕರೆದುಕೊಂಡು ಹೋದ ಕಡೆ. ಮೊದಲ ಅಲಾರಂ ಆದಾಗ ಸ್ಟೇಷನ್ ಇರುವ ದಿಕ್ಕಿನ ಬೀದಿಗಳಲ್ಲೇ ಸುತ್ತಿ.

ಅಲ್ಲಿ ಏನಾದರೂ ಕೊಂಡರೆ ಏರ್‌ಪೋರ್ಟ್‌ನಲ್ಲಿ ಕೌಂಟರಿಗೆ ಹೋಗುವ ಮುಂಚೆ ಪೆಟ್ಟಿಗೆ ತೆರೆದು ಜೋಡಿಸಿಕೊಳ್ಳಿ. ಜೇನು, ಸೆಂಟು, ಎಣ್ಣೆಯಂಥ ಬಾಟಲಿಗಳು 100 ಮಿಲಿಲೀಟರಿಗಿಂತ ದೊಡ್ಡವಿದ್ದರೆ ಹೆಚ್ಚಿನ ಏರ್‌ಪೋರ್ಟ್‌ಗಳಲ್ಲಿ ಕೈಚೀಲದಲ್ಲಿ ಬಿಡುವುದಿಲ್ಲ. ಚಾಕು, ಕತ್ತರಿ ಕೂಡ ಪೆಟ್ಟಿಗೆಗೇ ಹೋಗಬೇಕು. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು. ಪೆಟ್ಟಿಗೆ ಕೌಂಟರಿಗೆ ಕೊಟ್ಟ ಮೇಲೆ ನೆನಪಾದರೆ ಆ ಊರಿನಿಂದ ತಂದ ಬಾಟಲಿಯನ್ನು ಸೆಕ್ಯುರಿಟಿಯ ಡಬ್ಬಕ್ಕೆ ಹಾಕಿ ಹೋಗಬೇಕಾಗುತ್ತದೆ.